ಏಳರಲ್ಲಿ ಒಂದು ಸುಳ್ಳು

ನಮ್ಮ ಸಂಸ್ಥೆಯಲ್ಲಿ ನನ್ನ ಮಾತಿಗೆ ಎದುರಾಡುವವರು ಈಗ ಯಾರೂ ಇಲ್ಲ. ಕೇಳಿದವರು ನನ್ನನ್ನು ಪುಣ್ಯವಂತೆ ಎನ್ನುತ್ತಾರೆ. ಹನ್ನೊಂದು ಜನ ಹುಡುಗ ಹುಡುಗಿಯರಿದ್ದಾರೆ, ಎಲ್ಲರೂ ನನಗಿಂತ ಚೆನ್ನಾಗಿ ಓದಿಕೊಂಡವರು. ನಾನು ಏನು ಬರೆದು ಮುಂದಿಟ್ಟರೂ "ಭಾಳ ಛಲೋ ಆಗೇದ ಅಕ್ಕಾ" ಎಂದು ತಲೆದೂಗುತ್ತಾರೆ. ಮೊದಮೊದಲು ನನಗೂ ಹಿತವಾಗಿತ್ತು. ಆಮೇಲೆ ಗೋಡೆಯ ಜೊತೆ ಮಾತಾಡಿದ ಹಾಗೆ ಅನ್ನಿಸತೊಡಗಿತು. ಗೋಡೆಯೂ ಬಿರುಕು ಬಿಟ್ಟು ತನ್ನ ಅಭಿಪ್ರಾಯ ಹೇಳುತ್ತದೆ, ಇವರು ಅದನ್ನೂ ಮಾಡುವುದಿಲ್ಲ.

ನಮ್ಮದು ಪುಣೆಯ ಎರಂಡವಣೆಯ ಒಂದು ಓಣಿಯಲ್ಲಿರುವ ಹಳೆಯ ಬಂಗಲೆ. ಕಲ್ಲಿದ್ದಲಿನ ಯಾವ ವಿದ್ಯುತ್ ಸ್ಥಾವರವನ್ನು ಯಾವಾಗ ಮುಚ್ಚಬೇಕು, ಬದಲಿಗೆ ಬಿಸಿಲು ಗಾಳಿಯ ವಿದ್ಯುತ್ತನ್ನು ಹೇಗೆ ತರಬೇಕು, ಅಲ್ಲಿ ದುಡಿಯುತ್ತಿದ್ದವರ ಗತಿ ಏನು ಎಂದು ಲೆಕ್ಕ ಹಾಕಿ ಸರ್ಕಾರದ ಮುಂದಿಡುವುದು ನಮ್ಮ ಕೆಲಸ. ಸರ್ಕಾರ ಕೇಳುವುದು ಹತ್ತರಲ್ಲಿ ಒಂದು ಸಲ. ಆ ಒಂದು ಸಲಕ್ಕಾಗಿ ನಾನು, ವಾಸಂತಿ ಖರೆ, ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಮದುವೆ ಮಾಡಿಕೊಳ್ಳಲಿಲ್ಲ. ಬೇಡವೆಂದಲ್ಲ, ಪ್ರತಿ ವರ್ಷವೂ ಯಾವುದೋ ವರದಿ ಮುಗಿಯುವುದಿತ್ತು.

ಮಹಡಿಯ ಕೋಣೆಯಲ್ಲಿ ಒಂದು ಬೆತ್ತದ ಕುರ್ಚಿ ಇದೆ. ಅದರ ಒಂದು ಕಾಲು ಗಿಡ್ಡ. ಅದು ಎದುರಾಳಿಯ ಕುರ್ಚಿ. ಯಾವ ವರದಿಯಾದರೂ ಅಚ್ಚಿಗೆ ಹೋಗುವ ಮೊದಲು ಒಬ್ಬರು ಅದರಲ್ಲಿ ಕೂತು, ಕಂಪನಿಯ ವಕೀಲನೂ ಕಾರ್ಮಿಕ ಸಂಘದ ಮುಖಂಡನೂ ಊರಿನ ನಗರಸಭೆಯ ಅಧ್ಯಕ್ಷನೂ ತಾನೇ ಆಗಿ, ಬರೆದವರನ್ನು ಹಿಗ್ಗಾಮುಗ್ಗಾ ಝಾಡಿಸಬೇಕು. ಈ ಪದ್ಧತಿ ಹಾಕಿದವನು ಮೋರೇಶ್ವರ ಗದ್ರೆ, ನನ್ನ ಬಾಯಲ್ಲಿ ಮೋರೂ. ನಾನೂ ಅವನೂ ಒಂದೇ ವಾರ ಕೆಲಸಕ್ಕೆ ಸೇರಿದವರು. ಅವನದೇ ಒಂದು ನಿಯಮವಿತ್ತು. ಎದುರಾಳಿ ಏಳು ಆಕ್ಷೇಪ ಎತ್ತಬೇಕು, ಅವುಗಳಲ್ಲಿ ಒಂದು ಬೇಕೆಂದೇ ಸುಳ್ಳಾಗಿರಬೇಕು. ಬರೆದವರು ಆ ಸುಳ್ಳನ್ನು ಹಿಡಿದರೆ ಓಣಿಯ ಹೋಟೆಲಿನಲ್ಲಿ ಖಾರದ ಮಿಸಳ್ ತಿನ್ನಿಸುವುದು ಎದುರಾಳಿಯ ಪಾಲು, ಹಿಡಿಯದಿದ್ದರೆ ಬರೆದವರ ಪಾಲು.

"ಏಳಕ್ಕೂ ಹೂಂ ಅನ್ನೋರು ಓದಿರಂಗಿಲ್ಲ, ಏಳಕ್ಕೂ ಊಹೂಂ ಅನ್ನೋರು ಕೇಳಿರಂಗಿಲ್ಲ," ಎನ್ನುತ್ತಿದ್ದ. "ಒಂದು ಸುಳ್ಳು ಹಾಕಿದ್ರ ಗೊತ್ತಾಗ್ತದ, ಮುಂದ ಕೂತಾಕಿ ಎಚ್ಚರ ಇದ್ದಾಳೋ ಇಲ್ಲೋ ಅಂತ."

ಅವನು ಮನುಷ್ಯನೇ ಹಾಗೆ. ನಾವು ಅಂಕಿಸಂಖ್ಯೆ ತರಿಸಿ ಓದಿದರೆ ಅವನು ಸರ್ಕಾರಿ ಬಸ್ಸು ಹತ್ತಿ ಆ ಊರಿಗೇ ಹೋಗಿ, ಪೇಟೆಯಲ್ಲಿ ಚಹಾ ಕುಡಿದು, ಯಾರದೋ ಕಟ್ಟೆಯ ಮೇಲೆ ಮಧ್ಯಾಹ್ನ ಕಳೆದು ಬರುತ್ತಿದ್ದ. ಬಂದವನೇ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ಈ ಊರಿನ ನಳದಾಗ ನೀರು ಎಲ್ಲಿಂದ ಬರ್ತದ?"

"ಅದಕ್ಕೂ ವಿದ್ಯುತ್ತಿಗೂ ಏನ್ ಸಂಬಂಧನೋ ಮಾರಾಯ?"

"ನೀ ಆ ಊರಿನ ನೀರು ಕುಡಿದೀಯೇನು? ಇಲ್ಲ. ಮತ್ತ ಅದರ ಹಣೆಬರಹ ಹೆಂಗ ಬರದಿ?"

ನನಗೆ ಮೈಯುರಿಯುತ್ತಿತ್ತು. ಆದರೆ ಹತ್ತೊಂಬತ್ತು ವರ್ಷ ನಮ್ಮ ಒಂದು ವರದಿಯಲ್ಲೂ ಹೊರಗಿನವರು ತಪ್ಪು ಹಿಡಿಯಲಿಲ್ಲ. ಹಿಡಿಯಬೇಕಾದದ್ದನ್ನೆಲ್ಲ ಅವನು ಮೊದಲೇ ಹಿಡಿದಿರುತ್ತಿದ್ದ.

ಮೂರು ವರ್ಷದ ಹಿಂದೆ ನಾನು ಸಂಸ್ಥೆಯ ಮುಖ್ಯಸ್ಥೆಯಾದೆ. ಆದ ಎರಡನೇ ತಿಂಗಳಿಗೆ ಒಂದು ವರದಿಯ ಗಡುವು ಮರುದಿನವಿತ್ತು, ಅಚ್ಚಿನವನು ಕೆಳಗೆ ಕಾಯುತ್ತಿದ್ದ. ಮೋರೂ ಕುರ್ಚಿಯಲ್ಲಿ ಕೂತು ನಾಲ್ಕನೇ ಆಕ್ಷೇಪದ ಮೇಲೆ ಮುಕ್ಕಾಲು ಗಂಟೆಯಿಂದ ಜಗ್ಗಾಡುತ್ತಿದ್ದ. ಹೊಸದಾಗಿ ಸೇರಿದ ಐದು ಮಕ್ಕಳು ನೋಡುತ್ತಿದ್ದರು. ನನ್ನ ತಲೆ ಕೆಟ್ಟಿತು.

"ಸಾಕು ಮಾಡು ಮೋರೂ. ನೀ ಕೆಲಸ ಮಾಡಾಂವ ಅಲ್ಲ, ಮಾಡೋರ ಕೆಲಸಕ್ಕ ಕಲ್ಲು ಹಾಕಾಂವ," ಎಂದೆ.

ಅವನು ಕುರ್ಚಿಯಿಂದ ಎದ್ದ. ನಮ್ಮಲ್ಲಿ ಅವರವರ ಕಪ್ಪು ಅವರವರೇ ತೊಳೆಯಬೇಕು. ತನ್ನ ಕಪ್ಪು ತೊಳೆದು, ಬೋರಲು ಹಾಕಿ, ಛತ್ರಿ ತೆಗೆದುಕೊಂಡು ಮೆಟ್ಟಿಲಿಳಿದ. ಮರುದಿನ ಎರಡು ಸಾಲಿನ ರಾಜೀನಾಮೆ ಬಂತು. ವಾರದಲ್ಲಿ ಬರುತ್ತಾನೆ ಎಂದುಕೊಂಡೆ. ತಿಂಗಳಾಯಿತು. ವಾಯಿ ಎಂಬ ಊರಿನಲ್ಲಿ ತಂಗಿಯ ಮನೆಯ ಹತ್ತಿರ ಕೋಣೆ ಹಿಡಿದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾನೆಂದು ಯಾರೋ ಹೇಳಿದರು. ಫೋನಿನಲ್ಲಿ ಅವನ ಹೆಸರಿನ ಮೇಲೆ ಎಷ್ಟೋ ಸಲ ಬೆರಳಿಟ್ಟು ತೆಗೆದಿದ್ದೇನೆ. ತಪ್ಪು ನನ್ನದೆಂದು ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಹಟ ಇನ್ನೂ ಗಟ್ಟಿಯಾಯಿತು.

ಅವನು ಹೋದ ಮೇಲೆ ಎರಡು ಸಲ ಬೇರೆಯವರನ್ನು ಆ ಕುರ್ಚಿಯಲ್ಲಿ ಕೂರಿಸಿ ನೋಡಿದೆ. ಎರಡನೆಯ ಸಲ ಕೂತವಳು ಪ್ರಾಂಜಲಿ ವಾನಖೇಡೆ. ವಿದರ್ಭದ ಕಡೆಯ ಹುಡುಗಿ, ಸೇರಿ ಆಗ ನಾಲ್ಕು ತಿಂಗಳಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು ಬೆವತಳು. "ಅಕ್ಕಾ, ನನಗೇನೂ ತಪ್ಪು ಕಾಣವಲ್ದು," ಎಂದಳು. "ಇದ್ರ ನಿಮಗ ಮೊದಲ ಕಂಡಿರ್ತಿತ್ತಲ್ಲ?" ಆಮೇಲೆ ಯಾರನ್ನೂ ಕೂರಿಸಲಿಲ್ಲ. ಕುರ್ಚಿಯ ಮೇಲೆ ಕಡತಗಳು ಏರಿದವು.

ಹೀಗಿರುವಾಗ ಆ ಹತ್ತರಲ್ಲಿ ಒಂದು ಸಲ ಬಂತು. ರಾಜ್ಯದ ಹಳೆಯ ಐದು ಸ್ಥಾವರಗಳನ್ನು ಮುಚ್ಚುವ ದಾರಿ ತೋರಿಸಿ ಎಂದು ವಿದ್ಯುತ್ ಆಯೋಗವೇ ಕೇಳಿತು. ಹದಿನಾಲ್ಕು ತಿಂಗಳು ನಾವು ಬೇರೆ ಏನೂ ಮಾಡಲಿಲ್ಲ. ವಿದರ್ಭದ ಸಾವರಖೇಡಾದ ಸ್ಥಾವರವನ್ನು ಮೊದಲು, ಬರುವ ಏಪ್ರಿಲ್ ಒಂದಕ್ಕೇ ಮುಚ್ಚಬಹುದೆಂದು ಬರೆದೆವು. ಅದು ಕುಡಿಯುತ್ತಿದ್ದ ಅಣೆಕಟ್ಟಿನ ನೀರೆಲ್ಲ ಉಳಿದು ಹೊಲಗಳಿಗೆ ಹೋಗುತ್ತದೆಂದು ನಾಲ್ಕನೇ ಅಧ್ಯಾಯ ಪೂರ್ತಿ ಲೆಕ್ಕ ಕೊಟ್ಟೆವು. ಆ ಅಧ್ಯಾಯ ನಾನೇ ಬರೆದದ್ದು. ಎಲ್ಲರೂ ಮೆಚ್ಚಿಕೊಂಡರು.

ಅಕ್ಟೋಬರಿನಲ್ಲಿ ಕರಡನ್ನು ಸಾರ್ವಜನಿಕರ ಮುಂದಿಟ್ಟು ಒಂದು ತಿಂಗಳು ಅಭಿಪ್ರಾಯ ಕೇಳಿದೆವು. ಇನ್ನೂರ ಹನ್ನೆರಡು ಪತ್ರ ಬಂದವು. ಮುಕ್ಕಾಲು ಪಾಲು ಒಂದೇ ಒಕ್ಕಣೆಯವು, ಯಾರೋ ಬರೆಸಿ ಹಂಚಿದ್ದು. ಎಲ್ಲದಕ್ಕೂ ಕಳಿಸಿ ಎಂದು ನಾನೊಂದು ನಮೂನೆ ಉತ್ತರ ಬರೆದುಕೊಟ್ಟೆ: 'ನಿಮ್ಮ ಎಲ್ಲ ಸಲಹೆಗಳೂ ಅಮೂಲ್ಯ. ಅವುಗಳನ್ನು ಸೂಕ್ತವಾಗಿ ಪರಿಶೀಲಿಸಲಾಗುವುದು.' ಕೆಳಗೆ ಕಂಪ್ಯೂಟರಿನಲ್ಲಿ ಅಂಟಿಸಿದ ನನ್ನ ಸಹಿ. ಮಕ್ಕಳು ಪತ್ರಗಳ ಸಾರವನ್ನು ಒಂದು ಪಟ್ಟಿ ಮಾಡಿಕೊಟ್ಟರು. ಮೊದಲು ಸಂಸ್ಥೆಗಳು, ಆಮೇಲೆ ಕಂಪನಿಗಳು, ಕೊನೆಗೆ 'ವೈಯಕ್ತಿಕ' ಎಂಬ ತಲೆಬರಹದ ಕೆಳಗೆ ನೂರಾರು ಹೆಸರು. ಸಂಸ್ಥೆ, ಕಂಪನಿಗಳನ್ನು ಓದಿದೆ. ವೈಯಕ್ತಿಕದವರೆಗೆ ಹೋಗಲಿಲ್ಲ.

ಬಹಿರಂಗ ವಿಚಾರಣೆ ಜನವರಿಯಲ್ಲಿ, ನಾಗಪುರದಲ್ಲಿ. ನಾವು ವರದಿ ಮಂಡಿಸಬೇಕು, ಆಕ್ಷೇಪವಿದ್ದವರು ನಂಬರಿನ ಪ್ರಕಾರ ಐದೈದು ನಿಮಿಷ ಮಾತಾಡಬೇಕು, ಕೊನೆಗೆ ನಾವು ಉತ್ತರಿಸಬೇಕು. ಬೆಳಿಗ್ಗೆಯಿಂದ ಮೂವತ್ತು ಜನ ಮಾತಾಡಿದರು. ಹಳೆಯ ಮಾತುಗಳೇ. ಪ್ರತಿಯೊಂದಕ್ಕೂ ನನ್ನ ಹತ್ತಿರ ಉತ್ತರವಿತ್ತು.

"ಮೂವತ್ತೊಂದು. ಮೋರೇಶ್ವರ ಗದ್ರೆ. ವೈಯಕ್ತಿಕ," ಎಂದು ಗುಮಾಸ್ತ ಕೂಗಿದ.

ಪೆನ್ನು ಕೆಳಗಿಟ್ಟು ತಿರುಗಿದೆ. ಕೊನೆಯ ಸಾಲಿನಿಂದ ಎದ್ದು ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೆಗಲಿಗೆ ಅದೇ ಬಟ್ಟೆಯ ಚೀಲ, ಅಥವಾ ಅದರದೇ ತಮ್ಮ. ಚೀಲದಿಂದ ಒಂದು ಸ್ಟೀಲ್ ಬಾಟಲಿ ತೆಗೆದು ಆಯೋಗದ ಅಧ್ಯಕ್ಷರ ಮುಂದಿನ ಮೇಜಿನ ಮೇಲಿಟ್ಟ.

"ಇದು ಸಾವರಖೇಡಾದ ಪ್ಯಾಟಿಯೊಳಗಿನ ನಳದ ನೀರು ಸಾಹೇಬ್ರ. ನಿನ್ನೆ ತುಂಬಿಸಿಕೊಂಡು ಬಂದೀನಿ. ಕುಡದು ನೋಡ್ರಿ, ಛಲೋ ಅದ. ಈಗ ಈ ನೀರು ಎಲ್ಲಿಂದ ಬರ್ತದ ಅಂತ ಕೇಳ್ರಿ."

ಅಧ್ಯಕ್ಷರು ಕೇಳಲಿಲ್ಲ. ಅವನೇ ಹೇಳಿದ.

"ನಗರಸಭಾ ಕಾಗದದಾಗ ಊರಿಗೆ ಸ್ವಂತ ನೀರಿನ ಯೋಜನಾ ಅದ. ಟಾಕಿನೂ ಕಟ್ಟ್ಯಾರ, ಒಂಬತ್ತು ವರ್ಷ ಆತು. ಅದರಾಗ ಇವತ್ತಿನ ತನಕ ಒಂದು ಕೊಡ ನೀರು ಬಿದ್ದಿಲ್ಲ, ಅರಳಿ ಗಿಡ ಎದ್ದದ. ಊರು ಕುಡಿಯೋದು ಸ್ಥಾವರದ ಪಂಪಿನ ನೀರು. ನಲವತ್ತು ವರ್ಷದ ಹಿಂದ ಅಲ್ಲಿದ್ದ ಒಬ್ಬ ಎಂಜಿನಿಯರ್ ಸಾಹೇಬ, ಪಾಪ, ಊರಾಗಿನ ಹೆಣ್ಣುಮಕ್ಕಳು ಕೊಡ ಹೊತ್ಕೊಂಡು ಹೋಗೋದು ನೋಡಲಾರದ ಒಂದು ಪೈಪ್ ಹಾಕಿಸಿಕೊಟ್ಟಾನ. ಅದಕ್ಕ ಒಂದು ಚೀಟಿ ಸೈತ ಇಲ್ಲ. ಏಪ್ರಿಲ್ ಒಂದಕ್ಕ ಸ್ಥಾವರ ಮುಚ್ಚಿದ್ರ ಎರಡಕ್ಕ ಪಂಪ್ ನಿಲ್ತದ. ಖರೆ ಮೇಡಂ ಅವರ ವರದಿ ನಾಕನೇ ಅಧ್ಯಾಯದಾಗ ಈ ನೀರಿಗೆ ಉಳಿತಾಯ ಅಂತ ಬರದದ. ನಲವತ್ತು ಸಾವಿರ ಮಂದಿ ಬಾಯಾರಿಕಿಗೆ ಉಳಿತಾಯ ಅಂತಾರ ಅಂತ ನನಗ ಗೊತ್ತಿರಲಿಲ್ಲ."

ಸಭೆ ನಕ್ಕಿತು. ಪಕ್ಕದ ಸಾಲಿನಲ್ಲಿ ಸ್ಥಾವರದ ಕಂಪನಿಯ ವಕೀಲ ಎಲ್ಲರಿಗಿಂತ ಜೋರಾಗಿ ನಕ್ಕ. ಮೋರೂ ಅವನತ್ತ ತಿರುಗಿದ.

"ನೀವು ನಗಬ್ಯಾಡ್ರಿ ವಕೀಲ್ರ. ಮುಚ್ಚಬ್ಯಾಡ್ರಿ ಅಂತ ನಾ ಹೇಳಾಕತ್ತಿಲ್ಲ. ಮುಚ್ಚಲೇಬೇಕು. ಮುಚ್ಚೂಕಿಂತ ಮೊದಲ ನಳ ಯಾರದು ಅಂತ ಕೇಳ್ರಿ ಅಂದೆ, ಅಷ್ಟ."

ಗಂಟೆ ಬಾರಿಸುವ ಮೊದಲೇ ಮಾತು ಮುಗಿಸಿ ಬಾಟಲಿ ತೆಗೆದುಕೊಂಡು ಹೋಗಿ ಕೂತ. ನಾಚಿಕೆಯಿಂದ ನನ್ನ ಕಿವಿ ಕೆಂಪಾಗಿತ್ತು, ಅದು ನಿಜ. ಆದರೆ ಆ ನಾಚಿಕೆಯ ಕೆಳಗೆ ಇನ್ನೊಂದಿತ್ತು, ಅದನ್ನು ಹೇಳಲು ಇವತ್ತಿಗೂ ಸಂಕೋಚ. ನನಗೆ ಸಂತೋಷವಾಗಿತ್ತು. ಮೂರು ವರ್ಷದ ಮೇಲೆ ಒಬ್ಬರು ನನ್ನ ಬರಹವನ್ನು ನಿಜಕ್ಕೂ ಓದಿದ್ದರು. 'ಖರೆ ಮೇಡಂ' ಎಂದದ್ದೊಂದು ಮಾತ್ರ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಉತ್ತರಿಸುವ ಸರದಿ ಬಂತು. ಪ್ರಾಂಜಲಿ ನನ್ನ ಕಿವಿಯ ಹತ್ತಿರ ಬಾಗಿ, "ಅಕ್ಕಾ, ಕುಡಿಯೋ ನೀರು ನಮ್ಮ ವರದಿ ವ್ಯಾಪ್ತಿಗೆ ಬರಂಗಿಲ್ಲ ಅಂತ ಹೇಳಿಬಿಡ್ರಿ. ಅದು ನಗರಸಭಾದ ಕೆಲಸ," ಎಂದಳು. ಹೇಳಬಹುದಿತ್ತು, ಆಯೋಗವೂ ಒಪ್ಪುತ್ತಿತ್ತು. ಆದರೆ ಏಪ್ರಿಲ್ ಎರಡಕ್ಕೆ ನಳಗಳು ಒಣಗುತ್ತಿದ್ದವು. ತಪ್ಪೆಂದು ಒಪ್ಪಿಕೊಂಡರೆ ಆ ವಕೀಲ ಒಂದು ಅಧ್ಯಾಯವನ್ನು ಹಿಡಿದುಕೊಂಡು ಇಡೀ ವರದಿಯನ್ನೇ ಕಸದ ಬುಟ್ಟಿಗೆ ಹಾಕಿಸಲು ನೋಡುತ್ತಿದ್ದ, ಐದು ಸ್ಥಾವರಗಳೂ ಇನ್ನು ಹತ್ತು ವರ್ಷ ಹೊಗೆಯುಗುಳುತ್ತಿದ್ದವು. ಇಪ್ಪತ್ತೆರಡು ವರ್ಷದ ದುಡಿಮೆ ನೀರಿಗೆ ಹೋಗುತ್ತಿತ್ತು.

ಎದ್ದು ನಿಂತೆ. "ಮೂವತ್ತೊಂದನೇ ಆಕ್ಷೇಪ ಸರಿ ಅದ. ತಪ್ಪು ನಂದು. ನಾಕನೇ ಅಧ್ಯಾಯ ವಾಪಸ್ ತಗೋತೀನಿ," ಎಂದೆ.

ಅಧ್ಯಕ್ಷರು ಕನ್ನಡಕ ತೆಗೆದರು. "ಪೂರ್ತಿ ಅಧ್ಯಾಯ ಏನ್ರೀ?"

"ಪೂರ್ತಿ. ಸ್ಥಾವರ ಮುಚ್ಚಬೇಕು ಅನ್ನೋ ಮಾತು ಬದಲಾಗಂಗಿಲ್ಲ. ಆದ್ರ ಪಂಪ್ ನಡಸೋರು ಯಾರು ಅಂತ ಬರಕೊಡೋ ತನಕ ತಾರೀಖು ಹಾಕಬ್ಯಾಡ್ರಿ."

ವಕೀಲ ಎದ್ದು ನಾನು ಎಣಿಸಿದ್ದನ್ನೆಲ್ಲ ಹೇಳಿದ. ಅಧ್ಯಕ್ಷರು ನಾಲ್ಕು ವಾರ ಕೊಟ್ಟರು. ತಿದ್ದಿದ ಅಧ್ಯಾಯ ಸಲ್ಲಿಸಬೇಕು, ಆಕ್ಷೇಪ ಎತ್ತಿದ ಪ್ರತಿಯೊಬ್ಬರಿಗೂ ಅಂಚೆಯಲ್ಲಿ ಪ್ರತಿ ಕಳಿಸಿ, ಮುಟ್ಟಿದ್ದಕ್ಕೆ ಅವರ ಸಹಿಯಿರುವ ಚೀಟಿ ತೋರಿಸಬೇಕು. ವರದಿ ಬದುಕುತ್ತದೋ ಇಲ್ಲವೋ ಆಮೇಲೆ ಗೊತ್ತಾಗುವುದು.

ತಿರುಗಿ ನೋಡಿದರೆ ಕೊನೆಯ ಸಾಲು ಖಾಲಿ. ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಓಡಿದೆ, ಐವತ್ತೈದನೇ ವಯಸ್ಸಿಗೆ. ಗೇಟಿನ ಹತ್ತಿರ ಸಿಕ್ಕ.

"ಮೋರೂ, ನಿಲ್ಲೋ. ಒಂದು ಮಾತು ಮೊದಲ ಹೇಳಬಾರದಿತ್ತೇನು? ಹಿಂಗ ಮಂದಿ ಮುಂದ..."

"ಹೇಳಿದ್ದೆನಲ್ಲ ಖರೆ ಮೇಡಂ. ಅಕ್ಟೋಬರದಾಗ ಬರದಿದ್ದೆ. ನೀವು ಉತ್ತರನೂ ಕೊಟ್ರಿ. ಸಹಿ ಭಾಳ ಚಂದ ಬಂದಿತ್ತು." ಚೀಲ ಸರಿಪಡಿಸಿಕೊಂಡ. "ಬಸ್ಸಿಗೆ ಹೊತ್ತಾತು."

ಹೋದ.

ವಾಪಸು ರೈಲು ವರ್ಧಾ ದಾಟಿತು. ಪ್ರಾಂಜಲಿ ಕಿಟಕಿಯ ಕಡೆ ನೋಡುತ್ತ, "ಅಕ್ಕಾ, ನಾ ಸಾವರಖೇಡಾದಾಕಿ," ಎಂದಳು. "ನಮ್ಮ ಮನಿ ನೀರೂ ಅದೇ ಪಂಪಿಂದು."

"ಮತ್ತ ಯಾಕ ಹೇಳಲಿಲ್ಲ?"

"ನೀವು ಬರದೀರಿ ಅಂದಮ್ಯಾಲೆ ಬ್ಯಾರೆ ಏನರ ವ್ಯವಸ್ಥಾ ಆಗಿರಬೇಕು ಅನ್ಕೊಂಡೆ. ನಿಮಗ ಗೊತ್ತಿಲ್ಲದ್ದು ನನಗೇನು ಗೊತ್ತಿರ್ತದ?"

ಎರಡೂವರೆ ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತ ಹುಡುಗಿ. ವಿದರ್ಭದ ಕಡೆಯವಳು ಎಂದಷ್ಟೇ ತಿಳಿದುಕೊಂಡಿದ್ದೆ, ಯಾವ ಊರೆಂದು ಕೇಳಿರಲಿಲ್ಲ. ಅವಳನ್ನು ಬೈದು ಪ್ರಯೋಜನವಿರಲಿಲ್ಲ. ಎದುರಾಡದ ಹಾಗೆ ಇವರನ್ನು ಮಾಡಿದವಳು ನಾನೇ. ಮೋರೂನನ್ನು ಐದು ಮಕ್ಕಳ ಮುಂದೆ ಬೈದ ದಿನವೇ ಆ ಐವರು ಪಾಠ ಕಲಿತಿದ್ದರು, ಆಮೇಲೆ ಸೇರಿದವರು ಅವರನ್ನು ನೋಡಿ ಕಲಿತರು.

ಮರುದಿನ ಪತ್ರಗಳ ಕಟ್ಟು ತರಿಸಿದೆ. ನೂರ ಎಂಬತ್ತೇಳನೆಯದು ಅವನದು. ಶಾಲೆಯ ಗೆರೆ ಹಾಳೆ, ನೀಲಿ ಶಾಯಿ, ಅದೇ ಇರುವೆಯಂಥ ಅಕ್ಷರ. ಪಟ್ಟಿಯಲ್ಲಿ ಅದರ ಮುಂದೆ 'ಒಂದರಿಂದ ಏಳು: ತಾಂತ್ರಿಕ ಸೂಚನೆಗಳು, ಸ್ವೀಕರಿಸಿದೆ' ಎಂದಿತ್ತು. ಬರೆದ ಹುಡುಗ ಮೋರೂ ಹೋದ ಮೇಲೆ ಸೇರಿದವನು, ಆ ಹೆಸರನ್ನೇ ಕೇಳಿದವನಲ್ಲ.

ಬಾಗಿಲು ಹಾಕಿಕೊಂಡು ಓದಿದೆ. ಮೊದಲನೆಯದು ನೀರು. ಎರಡು, ಮೂರು, ನಾಲ್ಕು, ಒಂದೊಂದೂ ಸರಿಯಾದ ಜಾಗಕ್ಕೆ ಬಿದ್ದ ಪೆಟ್ಟು. ಐದನೆಯದಕ್ಕೆ ಬಂದೆ. 'ಜೂನ್ ತಿಂಗಳಲ್ಲಿ ಹಗಲು ಡಿಸೆಂಬರಿಗಿಂತ ಚಿಕ್ಕದು. ಆದ್ದರಿಂದ ಜೂನ್ ತಿಂಗಳ ಸೌರ ವಿದ್ಯುತ್ತಿನ ಅಂದಾಜು ತಪ್ಪು.'

ಇನ್ನೊಂದು ಸಲ ಓದಿದೆ. ಗಣಿತದ ಮೇಷ್ಟರಿಗೆ ಜೂನಿನ ಹಗಲು ಉದ್ದವೆಂದು ಗೊತ್ತಿಲ್ಲವೇ? ಶಾಲೆಯ ಮೂರನೇ ಇಯತ್ತೆಯ ಮಗುವಿಗೂ ಗೊತ್ತು.

ಆಗ ಹೊಳೆಯಿತು. ಏಳು ಆಕ್ಷೇಪ, ಒಂದು ಸುಳ್ಳು. ಅಕ್ಟೋಬರಿನಲ್ಲಿ, ವಾಯಿಯ ಒಂದು ಕೋಣೆಯಲ್ಲಿ ಕೂತು, ಮೂರು ವರ್ಷದ ಮುನಿಸನ್ನು ಪಕ್ಕಕ್ಕಿಟ್ಟು ಅವನು ನನ್ನನ್ನು ಆಟಕ್ಕೆ ಕರೆದಿದ್ದ. ಸುಳ್ಳನ್ನು ಯಾರೂ ಹಿಡಿಯುವಷ್ಟು ಸುಲಭ ಮಾಡಿ ಕರೆದಿದ್ದ. ಅಂಚೆಯವನ ದಾರಿ ನೋಡಿರಬೇಕು. ನಾನು 'ನಿಮ್ಮ ಎಲ್ಲ ಸಲಹೆಗಳೂ ಅಮೂಲ್ಯ' ಎಂದು ಅಚ್ಚು ಹಾಕಿಸಿ ಕಳಿಸಿದ್ದೆ. ಏಳಕ್ಕೂ ಹೂಂ ಅಂದಿದ್ದೆ.

ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ನಾಲ್ಕು ವಾರದಲ್ಲಿ ಅಧ್ಯಾಯ ತಿದ್ದಿದೆವು. ಈ ಸಲ ಸಾವರಖೇಡಾಕ್ಕೆ ಹೋಗಿ, ಪ್ರಾಂಜಲಿಯ ತಾಯಿ ಕೊಟ್ಟ ನೀರು ಕುಡಿದು, ಟಾಕಿಯಲ್ಲಿದ್ದ ಅರಳಿ ಗಿಡವನ್ನೂ ಕಂಡು ಬಂದು ಬರೆದೆ. ಕುರ್ಚಿಯ ಮೇಲಿನ ಕಡತಗಳನ್ನು ಇಳಿಸಿ ಹುಡುಗಿಯನ್ನು ಕೂರಿಸಿದೆ. ಅರ್ಧ ಗಂಟೆ ಬೆವತು, ಕೊನೆಗೆ, "ಬ್ಯಾಸಿಗಿಯಾಗ ಪಂಪ್ ದಿನಾ ಎರಡು ಸಲ ನಡೀತದ ಅಕ್ಕಾ, ನೀವು ಒಂದೇ ಸಲ ಹಿಡದೀರಿ," ಎಂದಳು. ಒಂದೇ ಆಕ್ಷೇಪ, ಆದರೆ ನಿಜದ್ದು. ಅವಳನ್ನು ಮಿಸಳ್ ತಿನ್ನಲು ಕರೆದುಕೊಂಡು ಹೋದೆ. ಮೇಲಧಿಕಾರಿಯ ಎದುರು ತಿನ್ನುವ ಹಾಗೆ ಚಮಚದಲ್ಲಿ ಸದ್ದಿಲ್ಲದೆ ತಿಂದಳು. ಮೋರೂ ಆಗಿದ್ದರೆ ನನ್ನ ತಟ್ಟೆಯ ಖಾರದ ಶೇವ್‌ಗೂ ಕೈ ಹಾಕುತ್ತಿದ್ದ.

ನಲವತ್ತಮೂರು ಆಕ್ಷೇಪದಾರರಿಗೆ ಪ್ರತಿಗಳು ಹೊರಟವು. ಮೂವತ್ತೊಂದನೆಯ ಲಕೋಟೆಯನ್ನು ನಾನೇ ಅಂಟಿಸಿದೆ. ಒಳಗೆ ಮೊದಲ ಪುಟದ ಅಂಚಿನಲ್ಲಿ ಪೆನ್ನಿನಿಂದ ಬರೆದೆ: 'ಐದನೆಯದು ಸುಳ್ಳು. ಮಿಸಳ್ ತಿನ್ನಿಸುವುದು ನಿನ್ನ ಪಾಲು. ಅವತ್ತು ನಾನು ಅಂದದ್ದು ತಪ್ಪು. ವಾಸಂತಿ.' ಇಷ್ಟು ಬರೆಯಲು ಮೂರು ವರ್ಷ ಮೂರು ತಿಂಗಳು ಬೇಕಾಯಿತು.

ದಿನಾ ಚೀಟಿಗಳು ವಾಪಸು ಬರತೊಡಗಿದವು. ಮಕ್ಕಳು ಎಣಿಸಿ ಕಟ್ಟುವ ಮೊದಲು ನಾನು ನೋಡುತ್ತಿದ್ದೆ. ಹತ್ತನೆಯ ದಿನ ಬಂತು. ಸಹಿ ಹಾಕುವ ಜಾಗದಲ್ಲಿ ಎಂ. ಗದ್ರೆ ಎಂದಿತ್ತು. ಅದರ ಕೆಳಗೆ, ಉಳಿದಿದ್ದ ಎರಡು ಬೆರಳಿನಷ್ಟು ಖಾಲಿ ಜಾಗದಲ್ಲಿ, ಇರುವೆಯಂಥ ಅಕ್ಷರದಲ್ಲಿ ಬರೆದಿದ್ದ: 'ನಿಮ್ಮ ಸಲಹೆ ಅಮೂಲ್ಯ. ಸೂಕ್ತವಾಗಿ ಪರಿಶೀಲಿಸಲಾಗುವುದು.'

ಗಟ್ಟಿಯಾಗಿ ನಕ್ಕುಬಿಟ್ಟೆ. ಹನ್ನೊಂದು ತಲೆಗಳೂ ಮೇಲೆದ್ದವು.

"ಏನಾತು ಅಕ್ಕಾ?" ಎಂದಳು ಪ್ರಾಂಜಲಿ.

ಹೇಳಲು ಹೋದರೆ ಇಪ್ಪತ್ತೆರಡು ವರ್ಷದಷ್ಟು ಹಿಂದಿನಿಂದ ಹೇಳಬೇಕಿತ್ತು. "ಏನಿಲ್ಲ, ಕೆಲಸ ನೋಡ್ರಿ," ಎಂದು ನನ್ನ ಕಪ್ಪು ತೊಳೆಯಲು ಎದ್ದೆ. ಆ ನಗೆ ತಿಳಿಯುವವನು ಒಬ್ಬನೇ ಇದ್ದ, ಅವನು ವಾಯಿಯಲ್ಲಿದ್ದ.